ಕಿಡಿಗಿಂತ ಮೊದಲು

ಮಳೆಗಾಲ ಹಿಡಿಯಿತೆಂದರೆ ಫೌಂಡ್ರಿಯವರಿಗೆ ಸ್ಕ್ರ್ಯಾಪಿನ ಚಿಂತೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ, ಹೆಚ್ಚುಕಡಿಮೆ ಅರ್ಧ ದಾರಿಗೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ವಾಹನಗಳ ಬಿಡಿಭಾಗಗಳಿಗೆ ಎರಕ ಹೊಯ್ಯುವ ಕಾರ್ಖಾನೆಗಳು ಅಲ್ಲಿವೆ. ಇಂಥ ಕಡೆ ಕುಲುಮೆಗೆ ಬೀಳುವುದರಲ್ಲಿ ಹಳೆ ಕಬ್ಬಿಣದ ಪಾಲು ದೊಡ್ಡದು: ಕತ್ತರಿಸಿ ಉಳಿದ ತಗಡು, ಮುರಿದ ಗೇರು, ತುಕ್ಕು ಹಿಡಿದ ಪೈಪು, ಸವೆದ ಶಾಕ್ ಅಬ್ಸಾರ್ಬರ್. ಬಯಲಲ್ಲಿ ರಾಶಿ ಹಾಕಿದರೆ ಆಷಾಢದ ಮಳೆ ಅದರ ಸಂದುಗೊಂದಿನಲ್ಲೆಲ್ಲ ಇಳಿಯುತ್ತದೆ. ಎರಡೂ ಬಾಯಿ ಜಜ್ಜಿ ಮುಚ್ಚಿಹೋದ ಒಂದು ಪೈಪಿನ ತುಂಡಿನಲ್ಲಿ ಅರ್ಧ ಲೋಟ ನೀರು ಉಳಿದರೂ ಹೊರಗಿನಿಂದ ಕಾಣುವುದಿಲ್ಲ.

ಇಂಡಕ್ಷನ್ ಫರ್ನೇಸಿನಲ್ಲಿ ಕರಗಿದ ಕಬ್ಬಿಣ 1,400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆ ಪೈಪು ಅದರೊಳಗೆ ಮುಳುಗಿದರೆ ನೀರು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ಮಾಮೂಲಿ ಒತ್ತಡದಲ್ಲಿ ನೀರು ಹಬೆಯಾದರೆ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕುಲುಮೆಯ ಬಿಸಿಗೆ ಇನ್ನೂ ಹಲವು ಪಟ್ಟು. ಹಬೆಗೆ ಹೋಗಲು ಬೇರೆ ದಾರಿಯಿಲ್ಲ, ಮೇಲಿರುವ ಲೋಹವನ್ನೇ ಎತ್ತಿ ಎಸೆಯುತ್ತದೆ. ಕುಲುಮೆಯ ಬಾಯಿಯ ಬಳಿ ಸ್ಕ್ರ್ಯಾಪ್ ಹಾಕುತ್ತಿದ್ದವನ ಮೇಲೆ ಕರಗಿದ ಕಬ್ಬಿಣ ಚಿಮ್ಮುತ್ತದೆ. ಅಲ್ಲಿ ಮದ್ದಿಲ್ಲ, ಪೆಟ್ರೋಲಿಲ್ಲ, ಬೆಂಕಿಕಡ್ಡಿಯೂ ಇಲ್ಲ.

ಸ್ಫೋಟದ ಸುದ್ದಿ ಬಂದಾಗಲೆಲ್ಲ ಮೊದಲು ಹುಟ್ಟುವ ಪ್ರಶ್ನೆ, ಕಿಡಿ ಎಲ್ಲಿಂದ ಬಂತು ಎಂಬುದು. ಶಾರ್ಟ್ ಸರ್ಕ್ಯೂಟೇ, ಬೀಡಿಯೇ, ವೆಲ್ಡಿಂಗೇ? ಪತ್ರಿಕೆಯ ವರದಿಯಿಂದ ಟೀ ಅಂಗಡಿಯ ಮಾತಿನವರೆಗೆ ಎಲ್ಲವೂ ಅದರ ಸುತ್ತಲೇ ಸುತ್ತುತ್ತವೆ. ಕಿಡಿ ಸಿಕ್ಕಿತೆಂದರೆ ತಪ್ಪು ಮಾಡಿದವನೂ ಸಿಕ್ಕಿದಂತೆ. ಎಷ್ಟೋ ಸಲ ಅವನು ಸತ್ತವರ ಪಟ್ಟಿಯಲ್ಲೇ ಇರುತ್ತಾನೆ, ಎದುರು ಹೇಳುವವರಿರುವುದಿಲ್ಲ. ರಾಸಾಯನಿಕ ಕಾರ್ಖಾನೆಗಳ ಅಪಘಾತಗಳನ್ನು ಬಿಡಿಸಿ ನೋಡಿದ ಎಂಜಿನಿಯರುಗಳು ಕೇಳುವುದು ಬೇರೆ ಪ್ರಶ್ನೆ. ಅಷ್ಟು ಇಂಧನ, ಅಷ್ಟು ಒತ್ತಡ, ಅಷ್ಟು ಜನ ಒಂದೇ ಜಾಗದಲ್ಲಿ ಸೇರಿದ್ದು ಹೇಗೆ?

2021ರ ಜನವರಿ 21ರ ರಾತ್ರಿ ಶಿವಮೊಗ್ಗದವರಿಗೆ ಮರೆಯುವಂಥದ್ದಲ್ಲ. ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಕಿಟಕಿ ಬಾಗಿಲು ಅದುರಿದವು. ಭೂಕಂಪವೆಂದು ಜನ ಮನೆಯಿಂದ ಹೊರಗೆ ಬಂದರು. ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಪನ ಗೊತ್ತಾಯಿತು. ನಡುಗಿದ್ದು ಭೂಮಿಯ ಒಡಲಲ್ಲ, ಶಿವಮೊಗ್ಗದ ಹೊರವಲಯದ ಹುಣಸೋಡಿನ ಕಲ್ಲು ಕ್ವಾರಿ ಪ್ರದೇಶ. ಸ್ಫೋಟಕ ತುಂಬಿದ ವಾಹನವೊಂದು ಸಿಡಿದು ಆರು ಜನ ಸತ್ತಿದ್ದರು. ಸುಮಾರು ಒಂದು ತಿಂಗಳ ಅಂತರದಲ್ಲಿ, ಫೆಬ್ರವರಿ 22ರ ರಾತ್ರಿ ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿ ಸ್ಫೋಟಕಗಳು ಮತ್ತೆ ಆರು ಜನರನ್ನು ಬಲಿ ತೆಗೆದುಕೊಂಡವು.

ಕ್ವಾರಿಯವರು ಜಿಲೆಟಿನ್ ಕಡ್ಡಿ ಎಂದು ಕರೆಯುವುದರಲ್ಲಿ ಈಗ ಮುಖ್ಯವಾಗಿ ಇರುವುದು ಅಮೋನಿಯಂ ನೈಟ್ರೇಟ್. ಗೊಬ್ಬರದ ಕುಲಕ್ಕೆ ಸೇರಿದ ಈ ಉಪ್ಪು ತನ್ನ ಪಾಡಿಗೆ ಇದ್ದಾಗ ಸಾಧು. ಡಿಟೋನೇಟರಿನ ಪೆಟ್ಟು ಬಿದ್ದರೆ, ಇಲ್ಲವೇ ದೊಡ್ಡ ರಾಶಿಯಾಗಿ ಬೆಂಕಿಯ ನಡುವೆ ಸಿಕ್ಕಿಕೊಂಡರೆ ಅದರ ಗುಣವೇ ಬೇರೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಿಡಿದದ್ದು ಅದೇ ವಸ್ತು, ತಂದು ದಾಸ್ತಾನು ಮಾಡಿದ್ದದ್ದು 2,750 ಟನ್. ಅಲ್ಲಿ ಬೆಂಕಿ ಹೇಗೆ ಹತ್ತಿತೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆದರೆ ಆ ದಾಸ್ತಾನು ಜನವಸತಿಯ ಪಕ್ಕದ ಗೋದಾಮಿನಲ್ಲಿ ಆರೇಳು ವರ್ಷ ಹಾಗೇ ಬಿದ್ದಿತ್ತು ಎಂಬುದಕ್ಕೆ ಚರ್ಚೆಯೇ ಬೇಕಿರಲಿಲ್ಲ. ಸ್ಫೋಟಕ ಮತ್ತು ಡಿಟೋನೇಟರ್ ಒಟ್ಟಿಗೆ ಇರಬಾರದು, ಒಂದೆಡೆ ಇಂತಿಷ್ಟೇ ಇಡಬೇಕು, ಸುತ್ತ ಇಷ್ಟು ದೂರ ಖಾಲಿ ಬಿಡಬೇಕು ಎಂದು ನಮ್ಮ ಸ್ಫೋಟಕ ನಿಯಮಗಳು ಹೇಳುವುದು ಈ ಕಾರಣಕ್ಕೆ. ಕಿಡಿ ಬಿದ್ದರೂ ಬಿದ್ದೀತು, ಬಿದ್ದಾಗ ಎಷ್ಟು ಹೋದೀತು ಎಂಬ ಲೆಕ್ಕ ಅದು.

ಕಿಡಿಯನ್ನು ಪೂರ್ತಿ ತಡೆಯುತ್ತೇವೆ ಎಂಬ ಮಾತು ಯಾಕೆ ನಂಬಿಕೆಗೆ ಅರ್ಹವಲ್ಲ ಎಂಬುದು ಸಣ್ಣ ಲೆಕ್ಕದಲ್ಲೇ ತಿಳಿಯುತ್ತದೆ. ಅಡುಗೆ ಅನಿಲ ಗಾಳಿಯೊಂದಿಗೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಅದನ್ನು ಹೊತ್ತಿಸಲು ಸುಮಾರು ಕಾಲು ಮಿಲಿಜೂಲ್ ಶಕ್ತಿ ಸಾಕು. ಒಣಹವೆಯ ದಿನ ಪಾಲಿಯೆಸ್ಟರ್ ಅಂಗಿ ತೊಟ್ಟವನೊಬ್ಬ ಕುರ್ಚಿಯಿಂದೆದ್ದು ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ಕೆನ್ನುವ ಕಿಡಿಯಲ್ಲಿ ಅದರ ಹತ್ತಾರು ಪಟ್ಟು ಶಕ್ತಿ ಇರುತ್ತದೆ. ಮೊಬೈಲು, ಮೋಟಾರು, ಲಾರಿಯ ಸೈಲೆನ್ಸರು, ಕಾಂಕ್ರೀಟಿಗೆ ತಾಗಿದ ಸ್ಪ್ಯಾನರು ಎಲ್ಲವನ್ನೂ ನಿಷೇಧಿಸಿದರೂ ಮೈಮೇಲಿನ ವಿದ್ಯುತ್ತನ್ನು ಗೇಟಿನ ಹೊರಗೆ ಬಿಟ್ಟು ಬರಲಾಗದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ತೈಲ ಸಂಸ್ಕರಣಾಗಾರದಲ್ಲಿ 15 ಜನರನ್ನು ಕೊಂದ ಆವಿಯ ಮೋಡಕ್ಕೆ ಬೆಂಕಿ ಕೊಟ್ಟದ್ದು ಬಹುಶಃ ಸಮೀಪ ನಿಂತಿದ್ದ, ಎಂಜಿನ್ ಆಫ್ ಮಾಡದ ಒಂದು ಪಿಕಪ್ ವಾಹನ. ತನಿಖೆ ಆ ಚಾಲಕನ ಬಳಿ ನಿಲ್ಲಲಿಲ್ಲ. ಗೋಪುರದಲ್ಲಿ ಮಿತಿಮೀರಿ ದ್ರವ ತುಂಬಿದರೂ ಮೀಟರು ಅದನ್ನು ತೋರಿಸದಿದ್ದದ್ದು, ಅಪಾಯದ ಜಾಗದ ಪಕ್ಕದಲ್ಲೇ ಗುತ್ತಿಗೆ ನೌಕರರ ತಾತ್ಕಾಲಿಕ ಕಚೇರಿಗಳನ್ನು ನಿಲ್ಲಿಸಿದ್ದದ್ದು ವರದಿಯ ಮುಖ್ಯ ಭಾಗವಾಯಿತು.

ಇಂಧನದ ಕಡೆ ಮಾತ್ರ ಮನುಷ್ಯನ ಕೈ ನಡೆಯುತ್ತದೆ. ಪ್ರತಿ ಅನಿಲಕ್ಕೂ ಸಿಡಿಯುವ ಪ್ರಮಾಣದ ಒಂದು ವ್ಯಾಪ್ತಿ ಇದೆ. ಗಾಳಿಯಲ್ಲಿ ಅಡುಗೆ ಅನಿಲ ನೂರಕ್ಕೆ ಎರಡರಿಂದ ಒಂಬತ್ತೂವರೆ ಪಾಲು ಇದ್ದರೆ ಮಾತ್ರ ಅದು ಹೊತ್ತುತ್ತದೆ. ಅದಕ್ಕಿಂತ ಕಡಿಮೆಯಾದರೆ ತೆಳು, ಹೆಚ್ಚಾದರೆ ದಟ್ಟ. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗು ಹುಡುಕಿಕೊಂಡು ಚರಂಡಿ, ಅಂಗಳ, ಹೊಸ್ತಿಲಿನ ಕಡೆ ಹರಿಯುತ್ತದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಮಗುಚಿದ ಟ್ಯಾಂಕರಿನ ಅನಿಲ ರಸ್ತೆ ಬದಿಯ ಮನೆಗಳನ್ನೇ ಸುಟ್ಟುಹಾಕಿತು.

ಹೊತ್ತಿಕೊಳ್ಳುವ ಆವಿಯ ಪಾಠ ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲನ್ನು ನೆಚ್ಚಿಕೊಂಡಿತ್ತು. ಮರವನ್ನು ಗಾಳಿಯಾಡದ ಉಕ್ಕಿನ ಕೋಣೆಯಲ್ಲಿ ಬೇಯಿಸುವಾಗ ಬರುವ ಆವಿಯನ್ನು ತಣಿಸಿ ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್, ಟಾರು ತೆಗೆಯುತ್ತಿದ್ದರು. ಕಬ್ಬಿಣದ ಊರೆಂದು ಹೆಸರಾದ ಭದ್ರಾವತಿ ಹೀಗೆ ಮೊದಲ ದಿನಗಳಿಂದಲೇ ರಾಸಾಯನಿಕ ಕೈಗಾರಿಕೆಯ ಊರೂ ಆಗಿತ್ತು. ಮೆಥನಾಲಿನ ಆವಿ ಹೊತ್ತಿಕೊಳ್ಳಲು 12 ಡಿಗ್ರಿಯ ಆಸುಪಾಸಿನ ಉಷ್ಣತೆ ಸಾಕು. ಭದ್ರಾವತಿಯ ಮಾಗಿಯ ಬೆಳಗೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೆ. ಅದರ ಜ್ವಾಲೆಯಂತೂ ಹಗಲ ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ.

ದೊಡ್ಡ ಕಾರ್ಖಾನೆಯ ಮಾತಾಯಿತು. ಸಣ್ಣ ಶೆಡ್ಡಿನ ಅಪಾಯ ಇನ್ನೂ ಸಣ್ಣದಾಗಿ ಕಾಣುತ್ತದೆ. ಥಿನ್ನರ್ ಖಾಲಿಯಾದ 200 ಲೀಟರಿನ ಡ್ರಮ್ಮನ್ನು ನೀರಿನ ತೊಟ್ಟಿ ಮಾಡಲೆಂದು ಗ್ಯಾಸ್ ಕಟ್ಟರ್ ಹಿಡಿದು ಮುಚ್ಚಳ ಕೊಯ್ಯಲು ಕೂರುತ್ತಾರೆ. ಡ್ರಮ್ಮು ಬೋರಲು ಹಾಕಿದರೆ ಒಂದು ಹನಿ ಬೀಳುವುದಿಲ್ಲ. ಆದರೆ ಥಿನ್ನರಿನಲ್ಲಿರುವ ಟೊಲುಯೀನ್ ಹತ್ತು ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು ಆವಿಯಾಗಿ ಒಳಗೆ ಉಳಿದಿದ್ದರೆ ಡ್ರಮ್ಮಿನ ಗಾಳಿಯೆಲ್ಲ ಸಿಡಿಯುವ ಮಿಶ್ರಣವಾಗಿರುತ್ತದೆ. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಅಪಾಯ ಎಂದು ಅನುಭವಿ ವೆಲ್ಡರುಗಳು ಹೇಳುವುದು ಇದಕ್ಕೇ. ಹಬೆ ಹಾಯಿಸಿ ತೊಳೆದು, ಕೊಯ್ಯುವ ಜಾಗದವರೆಗೆ ನೀರು ತುಂಬಿ ಕೆಲಸ ಮಾಡಿದರೆ ಆವಿಗೆ ನಿಲ್ಲಲು ಜಾಗ ಉಳಿಯುವುದಿಲ್ಲ. ದೊಡ್ಡ ಘಟಕಗಳಲ್ಲಿ ಮೀಟರ್ ಇಟ್ಟು ಅಳೆದು, ಹಾಟ್ ವರ್ಕ್ ಪರ್ಮಿಟ್‌ಗೆ ಸಹಿ ಆದ ಮೇಲೆ ಕಟ್ಟರ್ ಹೊತ್ತಿಸುತ್ತಾರೆ. ಶೆಡ್ಡಿನಲ್ಲಿ ಪರ್ಮಿಟ್ ಕೇಳುವವರು ಯಾರು?

ಹೊಟ್ಟು, ಹಿಟ್ಟು, ಸಕ್ಕರೆ, ಮರದ ಪುಡಿ, ಹಾಲಿನ ಪುಡಿ ಇವೂ ಇಂಧನವೇ. ಸುಡುವ ಯಾವ ವಸ್ತುವಾದರೂ ನುಣ್ಣಗೆ ಪುಡಿಯಾಗಿ ಗಾಳಿಯಲ್ಲಿ ತೇಲಿದರೆ ಸಿಡಿಯಬಲ್ಲದು. ಇಟಲಿಯ ಟ್ಯೂರಿನ್ನಿನ ಹಿಟ್ಟಿನ ಗೋದಾಮಿನಲ್ಲಿ 1785ರಲ್ಲೇ ಇದು ದಾಖಲಾಗಿದೆ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸಕ್ಕರೆ ಕಾರ್ಖಾನೆಯೊಂದರಲ್ಲಿ 14 ಕಾರ್ಮಿಕರನ್ನು ಸಕ್ಕರೆಯ ಧೂಳು ಕೊಂದಿತು. ಮೊದಲ ಸ್ಫೋಟ ಸಣ್ಣದಿತ್ತು. ಅದರ ಅದುರಿಗೆ ತೊಲೆ, ಪೈಪು, ಮೋಟಾರುಗಳ ಮೇಲೆ ಕೂತಿದ್ದ ಧೂಳೆಲ್ಲ ಎದ್ದು ಎರಡನೆಯದಕ್ಕೆ ಮೇವಾಯಿತು. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪದರ ದೊಡ್ಡ ಕೋಣೆಯ ತುಂಬ ಹರಡಿದ್ದರೂ ಸಾಕಾಗುತ್ತದೆ.

2025ರ ಜೂನ್ 30ರಂದು ಹೈದರಾಬಾದಿನ ಹೊರಗಿನ ಪಾಶಮೈಲಾರಂನಲ್ಲಿ ಸಿಗಾಚಿ ಇಂಡಸ್ಟ್ರೀಸ್ ಕಾರ್ಖಾನೆ ಸಿಡಿದಾಗ ಸತ್ತವರು ಮತ್ತು ಪತ್ತೆಯಾಗದವರ ಸಂಖ್ಯೆ ಸೇರಿ 50 ದಾಟಿತು. ಅಲ್ಲಿ ತಯಾರಾಗುತ್ತಿದ್ದದ್ದು ವಿಷವಲ್ಲ, ಮಾತ್ರೆಗಳ ತೂಕ ತುಂಬಲು ಬಳಸುವ ಬಿಳಿ ಸೆಲ್ಯುಲೋಸ್ ಪುಡಿ. ನಾವು ದಿನಾ ನುಂಗುವ ವಸ್ತು.

ಒತ್ತಡದ ಕತೆ ಭದ್ರಾವತಿಗೆ ಇತ್ತೀಚೆಗೆ ತೀರ ಹತ್ತಿರದಿಂದ ಗೊತ್ತಾಯಿತು. 2024ರ ಡಿಸೆಂಬರ್ 19ರಂದು ಪಟ್ಟಣದ ಚನ್ನಗಿರಿ ರಸ್ತೆಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದು ಕಾರ್ಮಿಕರೊಬ್ಬರು ಸತ್ತರು, ಹಲವರು ಗಾಯಗೊಂಡರು, ಕಟ್ಟಡ ಕುಸಿಯಿತು. ಅಕ್ಕಿ ಗಿರಣಿಗೆ ಬಾಯ್ಲರ್ ಯಾಕೆ ಎಂದು ಪೇಟೆಯವರು ಕೇಳಬಹುದು. ಕುಚ್ಚಲಕ್ಕಿ ಮಾಡಲು ಭತ್ತವನ್ನು ಹಬೆಯಲ್ಲಿ ಬೇಯಿಸಬೇಕು, ಒಣಗಿಸಲೂ ಶಾಖ ಬೇಕು. ಭತ್ತದ ಹೊಟ್ಟೇ ಅದರ ಸೌದೆ.

ಬಾಯ್ಲರಿನಲ್ಲಿ ಕುಳಿತಿರುವ ಶಕ್ತಿ ಹಬೆಗಿಂತ ಹೆಚ್ಚಾಗಿ ನೀರಿನಲ್ಲಿದೆ. ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 184 ಡಿಗ್ರಿಗೆ. ತಗಡು ಸೀಳಿ ಒತ್ತಡ ಒಮ್ಮೆಲೇ ಇಳಿದರೆ ಅಷ್ಟು ಬಿಸಿ ನೀರು ನೀರಾಗಿ ಉಳಿಯಲಾರದು. ಅದರ ಆರನೆಯ ಒಂದು ಭಾಗದಷ್ಟು ಆ ಕ್ಷಣಕ್ಕೆ ಹಬೆಯಾಗುತ್ತದೆ. ಒಂದು ಲೀಟರ್ ನೀರಿನಿಂದ 250 ಲೀಟರಿಗೂ ಮಿಕ್ಕಿ ಹಬೆ. ಸಾವಿರಾರು ಲೀಟರಿನ ಬಾಯ್ಲರಾದರೆ ಗೋಡೆ ನಿಲ್ಲುವ ಮಾತೇ ಇಲ್ಲ. ಅಡುಗೆಮನೆಯ ಕುಕ್ಕರಿಗೆ ವಿಶಲ್ಲಿನ ಜೊತೆಗೆ ಇನ್ನೊಂದು ಸೇಫ್ಟಿ ವಾಲ್ವ್ ಇರುವಂತೆ, ಬಾಯ್ಲರಿಗೂ ಒಂದು ಕೆಟ್ಟರೆ ಇನ್ನೊಂದು ಎಂಬ ಲೆಕ್ಕದಲ್ಲಿ ವಾಲ್ವುಗಳು, ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಗಳು ಇರುತ್ತವೆ. ವಾಲ್ವ್ ಪದೇ ಪದೇ ಹಬೆ ಬಿಟ್ಟು ಸೌದೆ ದಂಡವಾಗುತ್ತದೆಂದು ಅದನ್ನು ಬಿಗಿ ಮಾಡುವುದು, ಕಲೆಗಟ್ಟಿದ ಗಾಜನ್ನು ಹಾಗೇ ಬಿಡುವುದು, ನೀರು ತೀರ ಇಳಿದು ನಳಿಕೆಗಳು ಕೆಂಪಗೆ ಕಾದ ಮೇಲೆ ಗಾಬರಿಯಿಂದ ತಣ್ಣೀರು ಬಿಡುವುದು ಬಾಯ್ಲರುಗಳ ಹಳೆಯ ಕಾಯಿಲೆಗಳು. ಇದಕ್ಕೇ ವರ್ಷ ವರ್ಷ ತಪಾಸಣೆ, ಪ್ರಮಾಣಪತ್ರ, ಪರವಾನಗಿ ಪಡೆದ ಅಟೆಂಡೆಂಟ್ ಎಂಬ ನಿಯಮ. ಭದ್ರಾವತಿಯ ಕುಲುಮೆ ಹೊತ್ತಿದ ವರ್ಷವೇ, 1923ರಲ್ಲಿ, ದೇಶಕ್ಕೆ ಬಾಯ್ಲರ್ ಕಾಯ್ದೆ ಬಂತು. 2025ರ ಮೇ 1ರಿಂದ ಅದರ ಜಾಗದಲ್ಲಿ ಹೊಸ ಕಾಯ್ದೆ ಇದೆ.

ಇಂಧನ, ಒತ್ತಡಗಳ ನಂತರ ಮೂರನೆಯ ಬಗೆ, ತನ್ನ ಬಿಸಿಯಿಂದ ತಾನೇ ಹುಚ್ಚೆದ್ದು ಓಡುವ ರಾಸಾಯನಿಕ ಕ್ರಿಯೆ. ಇದರ ಉದಾಹರಣೆಗೂ ಫೌಂಡ್ರಿಯಿಂದಾಚೆ ಹೋಗಬೇಕಿಲ್ಲ. ಮರಳಿನ ಅಚ್ಚು ಗಟ್ಟಿಯಾಗಲು ನೋ-ಬೇಕ್ ವಿಧಾನದಲ್ಲಿ ಫ್ಯೂರಾನ್ ರೆಸಿನ್ ಮತ್ತು ಆಮ್ಲ ಬಳಸುತ್ತಾರೆ. ಮರಳಿಗೆ ಮೊದಲು ಆಮ್ಲ ಕಲಸಬೇಕು, ಆಮೇಲೆ ರೆಸಿನ್. ಎರಡೂ ಹರಡಿಕೊಂಡ ಮರಳಿನಲ್ಲಿ ಶಾಖ ಹಂಚಿಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವನು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದರೆ ಮಿಶ್ರಣ ಕ್ಷಣದಲ್ಲಿ ಕುದಿದು ಸಿಡಿಯುತ್ತದೆ.

ದೊಡ್ಡ ರಿಯಾಕ್ಟರಿನಲ್ಲೂ ಲೆಕ್ಕ ಇದೇ. ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿ. ತಣಿಸುವ ನೀರು ಹೊತ್ತೊಯ್ಯುವ ಶಾಖ ಮಾತ್ರ ಅಷ್ಟು ಬೇಗ ಏರುವುದಿಲ್ಲ. ಒಂದು ಗಡಿ ದಾಟಿತೆಂದರೆ ಹಿಡಿಯುವವರಿಲ್ಲ. ಫ್ಲಾರಿಡಾದ ಜ್ಯಾಕ್ಸನ್‌ವಿಲ್ಲಿನ ಟಿ2 ಲ್ಯಾಬೊರೇಟರೀಸ್‌ನಲ್ಲಿ 2007ರ ಡಿಸೆಂಬರಿನಲ್ಲಿ ತಣಿಸುವ ವ್ಯವಸ್ಥೆ ಕೈಕೊಟ್ಟಿತು, ಬದಲಿ ವ್ಯವಸ್ಥೆ ಇರಲಿಲ್ಲ, ನಾಲ್ವರು ಸತ್ತರು. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಟ್ಯಾಂಕಿನೊಳಗೆ ನೀರು ಸೇರಿ ನಡೆದದ್ದೂ ಇಂಥದೇ ಓಟ. ನೀರು ಹೇಗೆ ಸೇರಿತೆಂಬ ವಾದ ಇನ್ನೂ ಮುಗಿದಿಲ್ಲ. ಆ ಟ್ಯಾಂಕಿನಲ್ಲಿ ಮಿಥೈಲ್ ಐಸೊಸಯನೇಟ್ ಸುಮಾರು 40 ಟನ್ ಇತ್ತು, ತಂಪಾಗಿಡುವ ಯಂತ್ರ ಬಂದಾಗಿತ್ತು ಎಂಬುದರಲ್ಲಿ ವಾದವಿಲ್ಲ.

ಇಷ್ಟೊಂದು ದಾಸ್ತಾನು ಯಾಕೆ ಬೇಕು ಎಂಬ ಪ್ರಶ್ನೆಯನ್ನು ಅದಕ್ಕೂ ಏಳು ವರ್ಷ ಮೊದಲೇ, 1977ರಲ್ಲಿ, ಬ್ರಿಟನ್ನಿನ ಐಸಿಐ ಕಂಪನಿಯ ಸುರಕ್ಷತಾ ಎಂಜಿನಿಯರ್ ಟ್ರೆವರ್ ಕ್ಲೆಟ್ಜ್ ಎತ್ತಿದ್ದರು. ಅಪಾಯಕಾರಿ ವಸ್ತುವನ್ನು ಗಟ್ಟಿ ಟ್ಯಾಂಕಿನಲ್ಲಿಡುವ ಮೊದಲು ಅದು ಬೇಕೇ ಬೇಕೇ, ಅಷ್ಟು ಬೇಕೇ, ಕಡಿಮೆ ಒತ್ತಡದಲ್ಲಿ ಆಗುವುದೇ ಎಂದು ಕೇಳಬೇಕೆಂಬುದು ಅವರ ವಾದ. ಅವರ ಕಣ್ಣಮುಂದೆ ಇದ್ದದ್ದು ಅದೇ ದೇಶದ ಫ್ಲಿಕ್ಸ್‌ಬರೊ. 1974ರ ಜೂನ್ 1ರ ಶನಿವಾರ ಅಲ್ಲಿನ ನೈಲಾನ್ ಕಚ್ಚಾವಸ್ತುವಿನ ಕಾರ್ಖಾನೆ ಸಿಡಿದು 28 ಜನ ಸತ್ತರು. ಆರು ರಿಯಾಕ್ಟರುಗಳ ಸಾಲಿನಲ್ಲಿ ಬಿರುಕು ಬಿಟ್ಟ ಒಂದನ್ನು ತೆಗೆದು, ಉತ್ಪಾದನೆ ನಿಲ್ಲಬಾರದೆಂದು ಆ ಜಾಗಕ್ಕೆ 20 ಇಂಚಿನ ಬದಲಿ ಪೈಪು ಜೋಡಿಸಿದ್ದರು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಪೈಪು ಕಿತ್ತು ಹೊರಬಂದ ಸೈಕ್ಲೊಹೆಕ್ಸೇನ್ ಮೋಡಕ್ಕೆ ಕಿಡಿ ಕೊಟ್ಟದ್ದು ಯಾವುದೆಂಬುದು ಈಗ ಯಾರಿಗೂ ಮುಖ್ಯವಲ್ಲ.

ಭೋಪಾಲದ ನಂತರ ನಮ್ಮ ಕಾನೂನೂ ಪರಿಮಾಣವನ್ನೇ ಅಳತೆಗೋಲು ಮಾಡಿಕೊಂಡಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂದವು. ಯಾವ ವಸ್ತು ಎಷ್ಟು ಮೀರಿದರೆ ತುರ್ತು ಯೋಜನೆ ಕಡ್ಡಾಯ ಎಂಬ ಪಟ್ಟಿ ಈ ನಿಯಮದಲ್ಲಿದೆ. ಕಣ್ಣೆದುರಿಗೆ ಅಪಾಯ ಕಂಡರೆ ಮೇಲಿನವರಿಗೆ ತಿಳಿಸುವ ಹಕ್ಕನ್ನು ಕಾರ್ಮಿಕನಿಗೆ ಕಾನೂನೇ ಕೊಟ್ಟದ್ದು 1987ರ ತಿದ್ದುಪಡಿಯಲ್ಲಿ.

ಆದರೆ ಪಟ್ಟಿಯ ಮಿತಿಗಳು ಟನ್ನುಗಳ ಲೆಕ್ಕದ ಕಾರ್ಖಾನೆಗಳಿಗೆ ಹೇಳಿ ಮಾಡಿಸಿದವು. ಹತ್ತು ಡ್ರಮ್ಮು ಥಿನ್ನರ್ ಇಟ್ಟ ಶೆಡ್ಡು ಅದರ ಕೆಳಗೆ ನುಸುಳಿಹೋಗುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸಗಳಿಗೆ ತಲೆ ಎಣಿಕೆಯ ವಿನಾಯಿತಿ ಇಲ್ಲವೆಂಬುದು ಒಂದು ಸಮಾಧಾನ.

ಮಾಚೇನಹಳ್ಳಿಯಂಥ ಕಡೆ ಒಂದೇ ಬೇಲಿಯ ಆಚೀಚೆ ಬಗೆಬಗೆಯ ಅಪಾಯಗಳಿರುತ್ತವೆ. ಶಿವಮೊಗ್ಗ ಹಾಲು ಒಕ್ಕೂಟದ ಡೈರಿ ಅಲ್ಲಿಯೇ ಇದೆ. ದೊಡ್ಡ ಡೈರಿಗಳಲ್ಲಿ ಹಾಲು ತಣಿಸಲು ಸಾಮಾನ್ಯವಾಗಿ ಬಳಸುವ ಅಮೋನಿಯಾ ಮುಖ್ಯವಾಗಿ ವಿಷವೆಂದೇ ಗೊತ್ತು, ಮುಚ್ಚಿದ ಕೋಣೆಯಲ್ಲಿ ನೂರಕ್ಕೆ 15 ಪಾಲು ದಾಟಿದರೆ ಅದೂ ಸಿಡಿಯುತ್ತದೆ. ಡೈರಿಯವರಿಗೆ ಪಕ್ಕದ ಫೌಂಡ್ರಿಯಲ್ಲಿ ಏನಿದೆ, ಫೌಂಡ್ರಿಯವರಿಗೆ ಆಚೆ ಶೆಡ್ಡಿನಲ್ಲಿ ಏನಿದೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಉಳಿದದ್ದು ದುಬಾರಿಯೇನಲ್ಲ: ಸ್ಕ್ರ್ಯಾಪಿಗೆ ತಗಡಿನ ಸೂರು, ಮುಚ್ಚಿದ ಪೈಪನ್ನು ಕೊಯ್ದು ತೆರೆಯದೆ ಕುಲುಮೆಗೆ ಹಾಕಬಾರದೆಂಬ ಕಟ್ಟಪ್ಪಣೆ, ಶೆಡ್ಡಿನಲ್ಲಿ ಅಂದಿನ ಕೆಲಸಕ್ಕೆ ಬೇಕಾದಷ್ಟೇ ಥಿನ್ನರ್, ರೆಸಿನ್ ಮತ್ತು ಆಮ್ಲಕ್ಕೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಬಣ್ಣದ ಬಕೆಟ್. ಹೊರರಾಜ್ಯದಿಂದ ಬಂದ ಗುತ್ತಿಗೆ ಕಾರ್ಮಿಕರಿರುವ ಕಡೆ ಎಚ್ಚರಿಕೆಯ ಫಲಕ ಅವರಿಗೆ ಓದಲು ಬರುವ ಭಾಷೆಯಲ್ಲೂ ಇರಬೇಕು.

1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಗುಂಪು ವರ್ಷಕ್ಕೊಮ್ಮೆ, ಸ್ಥಳೀಯ ಗುಂಪು ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಸೈರನ್ ಕೂಗುತ್ತದೆ, ಅಗ್ನಿಶಾಮಕ ವಾಹನ ನೀರು ಹಾರಿಸುತ್ತದೆ, ಸ್ಟ್ರೆಚರಿನಲ್ಲಿ ಒಬ್ಬನನ್ನು ಹೊತ್ತು ಓಡುತ್ತಾರೆ, ಮರುದಿನ ಫೋಟೊ ಬರುತ್ತದೆ. ಅದೇ ದಿನ ಒಂದು ಗಂಟೆ ಹೆಚ್ಚು ತೆಗೆದುಕೊಂಡು ಸುತ್ತಲಿನ ಘಟಕಗಳ ದಾಸ್ತಾನು ರಿಜಿಸ್ಟರುಗಳನ್ನು ಒಂದೇ ಮೇಜಿನ ಮೇಲೆ ತೆರೆದು, ಆ ರಾತ್ರಿ ಯಾವ ಗೋದಾಮಿನಲ್ಲಿ ಏನು ಎಷ್ಟಿದೆ ಎಂದು ಕೂಡಿಸಿ ನೋಡುವುದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ.